ಸಾಹೇಬರ ಗೋಸುಂಬೆ, ಅಮ್ಮನ ಬಳ್ಳಿ

ಬಲಗೈ ಮೊಣಕೈವರೆಗೆ ಗೂಡಿನೊಳಗಿತ್ತು, ಎಡಗೈ ಜಾಲರಿ ಬಾಗಿಲನ್ನು ಅರ್ಧಕ್ಕೆ ಹಿಡಿದಿತ್ತು. ಒದ್ದೆ ಬಟ್ಟೆಯಲ್ಲಿ ಅವಳು ಆರನೆಯ ಎಲೆ ಒರೆಸುತ್ತಿದ್ದಳು. ಹನ್ನೊಂದು ಗಂಟೆಯೊಳಗೆ ಇನ್ನೂ ಹದಿನೆಂಟು ಒರೆಸಬೇಕು. ಹನ್ನೊಂದಕ್ಕೆ ಸರಿಯಾಗಿ ಗೂಡಿನ ಮೇಲಿನ ಕೊಳವೆ ಬುಸ್ಸೆಂದು ನೀರು ಚಿಮ್ಮಿಸುತ್ತದೆ. ಆಗ ಕೈ ಒಳಗಿದ್ದರೆ ತೋಳಿಗೆಲ್ಲ ಸ್ನಾನ. ಮೇಲಿನ ಕೋಲಿನ ಮೇಲೆ ಕುಳಿತ ಗೋಸುಂಬೆ ಒಂದು ಕಣ್ಣನ್ನು ಅವಳ ಕೈಯ ಮೇಲೂ ಇನ್ನೊಂದನ್ನು ಗೋಡೆ ಗಡಿಯಾರದ ಮೇಲೂ ಇಟ್ಟಿತ್ತು. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ, ತನ್ನ ಕೆಲಸವನ್ನು ಇಷ್ಟು ಗಮನವಿಟ್ಟು ನೋಡಿದ ಗಂಡುಪ್ರಾಣಿ ಸಿಕ್ಕಿದ್ದು ಇದೇ ಮೊದಲು.

ಏಳನೆಯ ಎಲೆ ಒರೆಸುವ ಮೊದಲೇ ಕೈಗೆ ಬಂತು. ಹಳದಿಗೆ ತಿರುಗಿ ತೊಟ್ಟು ಕೊಳೆತಿತ್ತು. ಈ ವಾರದಲ್ಲಿ ಇದು ಐದನೆಯದು. ಅವಳು ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಅದು ಅಂಗಡಿಯಿಂದ ತಂದ ಗಿಡವಾಗಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅದು ಅಮ್ಮನ ಮನಿಪ್ಲಾಂಟ್ ಬಳ್ಳಿ. ಅಪ್ಪನಿಗೆ ಎರಡೆರಡು ವರ್ಷಕ್ಕೆ ವರ್ಗವಾಗುತ್ತಿದ್ದ ಕಾಲದಲ್ಲಿ ಅಮ್ಮ ಏಳು ಬಾಡಿಗೆ ಮನೆಗಳ ಏಳು ಅಡುಗೆಮನೆ ಕಿಟಕಿಗಳಲ್ಲಿ ಅದನ್ನು ಸಾಕಿದ್ದಳು. ಹೊಸ ಮನೆಗೆ ಹೋದ ದಿನ ಮಂಚ ಜೋಡಿಸುವ ಮೊದಲು ಗೋಡೆಗೆ ಮೊಳೆ ಹೊಡೆದು ದಾರ ಕಟ್ಟಿ ಬಳ್ಳಿ ಹಬ್ಬಿಸಬೇಕು. ಮನೆ ಬಿಡುವ ದಿನ ಎಲ್ಲ ಸಾಮಾನು ಲಾರಿಗೆ ಏರಿದ ಮೇಲೆ, ಖಾಲಿ ಗೋಡೆಯಿಂದ ಅದನ್ನು ಎಲೆ ಎಲೆಯಾಗಿ ಬಿಡಿಸಿ, ನೂಲಿನ ಲಡಿಯಂತೆ ತೋಳಿಗೆ ಸುತ್ತಿಕೊಂಡು, ಬುಡವನ್ನು ಮಡಿಲಲ್ಲಿಟ್ಟುಕೊಂಡು ಅಮ್ಮ ಡ್ರೈವರನ ಪಕ್ಕ ಕೂರುತ್ತಿದ್ದಳು. ಮಕ್ಕಳಿಬ್ಬರೂ ಹಿಂದೆ, ಹಾಸಿಗೆ ಸುರುಳಿಗಳ ಮೇಲೆ. ಮುಂದಿನ ಸೀಟು ಬಳ್ಳಿಗೆ ಯಾಕೆ, ನಮಗೆ ಯಾಕಿಲ್ಲ ಎಂದು ಅಕ್ಕ ಒಮ್ಮೆ ಜಗಳ ತೆಗೆದಿದ್ದಳು. ನೀವು ಬಿದ್ದರೆ ಎದ್ದು ಬರುತ್ತೀರಿ, ಅದಕ್ಕೆ ಕಾಲಿಲ್ಲವಲ್ಲ ಎಂದಿದ್ದಳು ಅಮ್ಮ. ಅಮ್ಮ ಹೋದ ಮೇಲೆ ಹೊಲಿಗೆ ಮಿಷನ್ನು ಅಕ್ಕನಿಗೆ ಬಂತು, ಬಳ್ಳಿ ಇವಳಿಗೆ. ಅಕ್ಕ ಮುರಿದುಕೊಂಡು ಹೋಗಿದ್ದ ತುಂಡು ಎರಡು ಬೇಸಿಗೆಗೆ ಒಣಗಿಹೋಯಿತು. ಉಳಿದದ್ದು ಇದೊಂದೇ.

ಅಮ್ಮನ ಬಳ್ಳಿ ಗೋಸುಂಬೆಯ ಗೂಡಿಗೆ ಹೇಗೆ ಬಂತು ಎನ್ನುವುದಕ್ಕೆ ಅವಳ ಗಂಡನ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ಅವನು ನೀರು ಸರಬರಾಜು ಇಲಾಖೆಯ ಸೋರಿಕೆ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತ. ಊರಿನಲ್ಲಿ ಎಲ್ಲಿ ನೀರು ಸೋರಿದರೂ ಅದು ಮೊದಲು ಅವನ ಮೇಜಿನ ಮೇಲೆ ಕಾಗದವಾಗಿ ಹಾದು ಹೋಗಬೇಕು. ಬೀದಿಯವರು ಅವನನ್ನು 'ಸೋರಿಕೆ ಸಾಹೇಬರು' ಎಂದು ಕರೆಯುತ್ತಿದ್ದರು. ಅದರಲ್ಲಿ ಕುಚೋದ್ಯವಿದೆ ಎಂದು ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಇಲಾಖೆಯ ಚೀಫ್ ಇಂಜಿನಿಯರಿಗೆ ಆರು ತಿಂಗಳು ದೂರದ ತರಬೇತಿಗೆ ಹೋಗಬೇಕಾಗಿ ಬಂತು. ಅವರು ಸಾಕಿದ್ದ ಗೋಸುಂಬೆಯನ್ನು ಯಾರ ಬಳಿ ಬಿಡುವುದು ಎಂಬ ಪ್ರಶ್ನೆ ಎದ್ದಿತು. ಕಚೇರಿಯಲ್ಲಿ ಎಲ್ಲರೂ ಫೈಲುಗಳೊಳಗೆ ತಲೆ ಹುದುಗಿಸಿದರು. ಪ್ರಾಣಿ ಕಷ್ಟವಲ್ಲ, ಅದು ಬಟ್ಟಲಲ್ಲಿ ನೀರು ಕುಡಿಯುವುದಿಲ್ಲ, ಎಲೆಯ ಮೇಲಿನ ಹನಿ ನೆಕ್ಕುತ್ತದೆ, ಗೂಡಿನೊಳಗೆ ಜೀವಂತ ಗಿಡಗಳು ನಳನಳಿಸುತ್ತಿದ್ದರೆ ತನ್ನಷ್ಟಕ್ಕೆ ತಾನು ಸುಖವಾಗಿರುತ್ತದೆ, ಗಿಡ ನೋಡಿಕೊಳ್ಳುವವರು ಬೇಕು ಅಷ್ಟೇ ಎಂದರು ಇಂಜಿನಿಯರು. ಆಗ ಸೋರಿಕೆ ಸಾಹೇಬರು ಎದ್ದು ನಿಂತರು.

"ಸಾರ್, ಗಿಡ ಅಂದ್ರೆ ನಮ್ಮನೇಲಿ ಮಕ್ಕಳಿದ್ದ ಹಾಗೆ."

ಮನೆಯ ಗಿಡಗಳಿಗೆ ಅವನು ಅದುವರೆಗೆ ಒಂದು ಲೋಟ ನೀರು ಹಾಕಿದ್ದರೆ ಕೇಳಿ. ಆದರೆ ಮಾತು ಆಡಿಯಾಗಿತ್ತು. ಸಂಜೆ ಇಲಾಖೆಯ ಜೀಪಿನಲ್ಲಿ ಬಾಗಿಲಿನಷ್ಟು ಎತ್ತರದ ಗೂಡು, ಎರಡು ದೀಪ, ಒಂದು ಡಬ್ಬಿ ಮಿಡತೆ, ಸಣ್ಣೆಲೆಯ ಅತ್ತಿ ಜಾತಿಯ ಗಿಡವೊಂದು, ದಾಸವಾಳವೊಂದು, ಇವೆಲ್ಲದರ ನಡುವೆ ತಾನು ಇವರಿಗೆ ಸಂಬಂಧಪಟ್ಟವನೇ ಅಲ್ಲ ಎಂಬ ಮುಖಭಾವದ ಗೋಸುಂಬೆ ಮನೆಗೆ ಬಂದವು.

ಅತ್ತಿ ಗಿಡ ಹತ್ತು ದಿನ ಬದುಕಿತು. ದಾಸವಾಳ ಹನ್ನೆರಡು. ಗಂಡ ನರ್ಸರಿಯಿಂದ ಬೇರೆ ಎರಡು ತಂದ, ಅವೂ ಹೋದವು. ಅಷ್ಟರಲ್ಲಿ ಅವಳು ಅಕ್ಕನ ಮನೆಗೆ ಮೂರು ದಿನಕ್ಕೆಂದು ಹೋಗಿದ್ದಳು. ವಾಪಸು ಬಂದು ನೋಡುತ್ತಾಳೆ, ಅಡುಗೆಮನೆ ಕಿಟಕಿ ಬೋಳು. ಅಮ್ಮನ ಬಳ್ಳಿ ಗೂಡಿನೊಳಗೆ ಕೋಲುಗಳಿಗೆ ಸುತ್ತಿಕೊಂಡಿತ್ತು. ಅದರ ಮೇಲೆ ಗೋಸುಂಬೆ ಬಾಲ ಸುರುಳಿ ಮಾಡಿಕೊಂಡು ಮಲಗಿತ್ತು.

"ನಿಮ್ಮಮ್ಮನ ಬಳ್ಳಿ ಗಟ್ಟಿ ಕಣೇ," ಎಂದ ಗಂಡ, ಅವಳು ಚಪ್ಪಲಿ ಬಿಡುವ ಮೊದಲೇ. "ಏಳು ಊರಿನ ನೀರು ಕುಡಿದಿದೆ. ನಮ್ಮ ಇಲಾಖೆ ನೀರಿಗೆ ಹೆದರುತ್ತಾ?"

ತೆಗೆಯಿರಿ ಎಂದಳು. ಮಲಗುವ ಜಾಗ ಒಮ್ಮೆ ಗೊತ್ತು ಮಾಡಿಕೊಂಡ ಮೇಲೆ ಪ್ರಾಣಿಯನ್ನು ಎಬ್ಬಿಸಬಾರದೆಂದು ಇಂಜಿನಿಯರು ಹೇಳಿದ್ದಾರೆ ಎಂದ. ಮೂವತ್ತು ವರ್ಷದಲ್ಲಿ ಒಂದು ದಿನವೂ ಅವಳ ನಿದ್ದೆಯ ಬಗ್ಗೆ ಅವನಿಗೆ ಈ ಕಾಳಜಿ ಬಂದಿರಲಿಲ್ಲ. ತುದಿ ಮುರಿದು ನೀರಿನ ಬಾಟಲಿಯಲ್ಲಿಟ್ಟು ನೋಡಿದಳು. ನಾಲ್ಕು ದಿನಕ್ಕೆ ಕಪ್ಪಾಯಿತು.

ಅಷ್ಟರ ಮೇಲೆ ಬಂದದ್ದು ಕೊಳವೆ. ಇಲಾಖೆ ಬೇಡವೆಂದು ಮೂಲೆಗೆ ಹಾಕಿದ್ದ ಒಂದು ಕರೆಂಟಿನ ವಾಲ್ವನ್ನು ತಂದು, ಬೀದಿ ಪೈಪಿನಿಂದ ನೇರ ಬರುವ ನಲ್ಲಿಗೆ ಜೋಡಿಸಿ, ಟೈಮರ್ ಕಟ್ಟಿ, ದಿನಕ್ಕೆ ಮೂರು ಸಲ ಗೂಡಿನ ಮೇಲೆ ಮಳೆ ಸುರಿಯುವಂತೆ ಗಂಡ ಏರ್ಪಾಡು ಮಾಡಿದ. ಹನ್ನೊಂದು, ಎರಡು, ನಾಲ್ಕು. ಮೂರೂ ಹೊತ್ತು ಅವನು ಕಚೇರಿಯಲ್ಲಿರುತ್ತಿದ್ದ. ಸುರಿಯುವುದು ಅವನದು, ಒರೆಸುವುದು ಅವಳದು. ಇದನ್ನು ಮುಟ್ಟಬೇಡ, ಇದು ತಾಂತ್ರಿಕ ವಿಷಯ ಎಂದು ಹೇಳಿಯೂ ಇದ್ದ.

ಹೀಗಿರುವಾಗ ಕೆಳಗಿನ ಮನೆಯ ಟೀಚರಮ್ಮನ ಛಾವಣಿಯಲ್ಲಿ ಒಂದು ಒದ್ದೆ ಕಲೆ ಕಾಣಿಸಿಕೊಂಡಿತು.

ಟೀಚರಮ್ಮ ನಿವೃತ್ತಿಯಾದ ಗಣಿತದ ಟೀಚರು. ಅವರು ಬಾಯಿ ಮಾಡುವವರಲ್ಲ, ಲೆಕ್ಕ ಇಡುವವರು. ಕುರ್ಚಿಯ ಮೇಲೆ ಸ್ಟೂಲಿಟ್ಟು ಹತ್ತಿ ಕಲೆಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದರು. ಮರುದಿನ ಕಲೆ ಗೆರೆ ದಾಟಿತು. ಇನ್ನೊಂದು ಗೆರೆ, ಇನ್ನೊಂದು ತಾರೀಖು. ಒಂಬತ್ತು ಗೆರೆಗಳಾದ ಮೇಲೆ, ಈ ವೇಗದಲ್ಲಿ ಹೋದರೆ ಬರುವ ಬುಧವಾರ ಫ್ಯಾನಿನ ಬುಡ ಮುಟ್ಟುತ್ತದೆಂದು ಲೆಕ್ಕ ಹಾಕಿ, ನಕ್ಷೆ ಸಮೇತ ನೀರು ಸರಬರಾಜು ಇಲಾಖೆಗೆ ದೂರು ಬರೆದರು. ಮೆಟ್ಟಿಲು ಹತ್ತಿ ಬಂದು ಹೇಳಬಹುದಿತ್ತು. ಆದರೆ ಮೇಲಿನ ಮನೆಯಾತ ಇಲಾಖೆಯವನೇ ಆಗಿರುವಾಗ ಬಾಯಿಮಾತು ಮರ್ಯಾದೆಯಲ್ಲ ಎಂದು ಅವರ ಅಭಿಪ್ರಾಯ.

ದೂರು ಎರಡು ದಿನ ಸುತ್ತಿ, ಮೂರು ಸಹಿ ಹಾಕಿಸಿಕೊಂಡು, ಸೋರಿಕೆ ವಿಭಾಗಕ್ಕೆ ಬಂದು ಗಂಡನ ಮೇಜಿನ ಮೇಲೆ ಕುಳಿತಿತು.

ಮಧ್ಯಾಹ್ನ ಮೂರಕ್ಕೆ ಕರೆಗಂಟೆ ಸದ್ದಾಯಿತು. ಅವಳು ಎರಡು ಗಂಟೆಯ ಮಳೆಯನ್ನು ಬಟ್ಟೆಯಲ್ಲಿ ಹಿಂಡಿ ಬಕೆಟಿಗೆ ಹಾಕುತ್ತಿದ್ದಳು. ಬಾಗಿಲು ತೆಗೆದರೆ ಗಂಡ. ಬಗಲಲ್ಲಿ ಇಲಾಖೆಯ ಚೀಲ, ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ನಮೂನೆ, ಮುಖದಲ್ಲಿ ಅಪರಿಚಿತ ಗಾಂಭೀರ್ಯ. ಕೀಲಿಕೈ ಅವನ ಜೇಬಿನಲ್ಲೇ ಇತ್ತು.

"ಸೋರಿಕೆ ವಿಭಾಗದಿಂದ ಬಂದಿದ್ದೀನಿ," ಎಂದ. "ಕೆಳಗಿನ ಮನೆಯವರ ದೂರಿದೆ. ಮೇಲಿನ ಮನೆಯವರ ಹೇಳಿಕೆ ತಗೋಬೇಕು."

"ಊಟದ ಡಬ್ಬಿ ಬಿಟ್ಟು ಹೋಗಿದ್ರಿ. ಊಟ ಆಯ್ತಾ?"

"ಅದೆಲ್ಲ ಆಮೇಲೆ. ಈಗ ಡ್ಯೂಟಿ." ಹೆಸರಿನ ಕಾಲಮ್ಮಿನಲ್ಲಿ ಅವನು ತನ್ನದೇ ಹೆಸರನ್ನು ನಿಧಾನವಾಗಿ, ಕಾಗುಣಿತ ತಪ್ಪದಂತೆ ಬರೆದುಕೊಂಡ. "ನಿಮ್ಮ ಮನೇಲಿ ನಲ್ಲಿ ಸೋರ್ತಾ ಇದೆಯಾ?"

ಅವನು ಅವಳನ್ನು ಬಹುವಚನದಲ್ಲಿ ಮಾತಾಡಿಸಿದ್ದು ಮದುವೆಯ ಮಾತುಕತೆಯ ದಿನ ಬಿಟ್ಟರೆ ಅಂದೇ.

"ಇಲ್ಲ."

"ಅಡುಗೆಮನೆ ಪೈಪು? ಬಚ್ಚಲು? ತೊಟ್ಟಿ?"

"ಅದ್ಯಾವುದೂ ಇಲ್ಲ. ಆದ್ರೆ ರೀ, ಈ ಗೂಡಿನ ಕೆಳಗೆ ದಿನಾ ನೀರು..."

"ಗೂಡು ನಮೂನೆಯಲ್ಲಿಲ್ಲ," ಎಂದ ಗಂಡ. ಅವನು ಸುಳ್ಳು ಹೇಳಲಿಲ್ಲ. ಹಲಗೆ ತಿರುಗಿಸಿ ತೋರಿಸಿದ. ನಲ್ಲಿ, ಪೈಪು, ತೊಟ್ಟಿ, ಬಚ್ಚಲು, ಶೌಚ. ಐದೇ. ಅವಳ ಸಹಿ ಹಾಕಿಸಿಕೊಂಡು, ಸಹಕಾರಕ್ಕೆ ಧನ್ಯವಾದ ಹೇಳಿ, ಒದ್ದೆ ನೆಲದ ಮೇಲೆ ಜಾರದಂತೆ ಹುಷಾರಾಗಿ ಹೆಜ್ಜೆಯಿಟ್ಟು ಹೊರಟುಹೋದ. ಊಟದ ಡಬ್ಬಿ ಆವತ್ತೂ ಉಳಿಯಿತು.

ಅವನು ಬರೆದ ವರದಿ ಮೂರು ವಾಕ್ಯದ್ದು. ಕೆಳಗಿನ ಮನೆಯಲ್ಲಿ ಸೋರಿಕೆ ಇದೆ. ಮೇಲಿನ ಮನೆಯಲ್ಲಿ ಸೋರಿಕೆ ಇಲ್ಲ. ಆದ್ದರಿಂದ ಸೋರಿಕೆ ಬೀದಿಯದು.

ಇಲಾಖೆ ಎಂದೂ ಇಷ್ಟು ಬೇಗ ಕೆಲಸ ಮಾಡಿದ್ದಿಲ್ಲ. ಶುಕ್ರವಾರ ಬೆಳಗ್ಗೆ ಹಾರೆ ಗುದ್ದಲಿಗಳು ಬಂದವು, ನೀರು ನಿಂತಿತು, ಬೀದಿ ಬಾಯಿ ತೆರೆಯಿತು. ಮೂಲೆಯ ದರ್ಜಿ ತನ್ನ ಅಂಗಡಿಗೆ ಹಲಗೆಯ ಸೇತುವೆ ಹಾಕಿಕೊಂಡ. ಇಸ್ತ್ರಿಯವನ ಗಾಡಿ ಹಳ್ಳದ ಆಚೆ ಕಡೆ ಉಳಿದುಹೋಗಿ, ಬಟ್ಟೆಗಳು ಗಂಟಾಗಿ ಗಾಳಿಯಲ್ಲಿ ಹಾರಿ ಮನೆ ಸೇರತೊಡಗಿದವು. ಮೊದಲ ದಿನದ ಅಗೆತದಲ್ಲಿ ಒಂದು ಸವೆದ ಚಪ್ಪಲಿ, ಸ್ಟೌವಿನ ಒಂದು ಕಾಲು, ತುಕ್ಕು ಹಿಡಿದ ಸೀಟಿ ಸಿಕ್ಕವು. ಎರಡನೆಯ ದಿನ ಪೈಪು ಸಿಕ್ಕಿತು. ಖಟಖಟ ಒಣಗಿತ್ತು. ಮೇಸ್ತ್ರಿ ಇಲ್ಲಿ ಸೋರಿಕೆ ಇಲ್ಲವಲ್ಲ ಎಂದ. ಸಹಾಯಕ ಇಂಜಿನಿಯರು ಬಹಳ ಹೊತ್ತು ಯೋಚಿಸಿ, ಇಲ್ಲಿ ಒಣಗಿದೆ ಎಂದರೆ ಇಲ್ಲಿಗೆ ಬರುವ ಮೊದಲೇ ಎಲ್ಲೋ ಸೋರಿಹೋಗಿದೆ, ಇನ್ನೂ ಮುಂದೆ ಅಗೆಯಿರಿ ಎಂದರು. ನೀರು ನಿಲ್ಲಿಸಿದವರು ತಾವೇ ಎಂಬುದು ಆ ಗದ್ದಲದಲ್ಲಿ ಯಾರಿಗೂ ನೆನಪಾಗಲಿಲ್ಲ.

ನೀರಿನ ಟ್ಯಾಂಕರು ಬೀದಿಯ ತುದಿಯಲ್ಲಿ ನಿಂತಿತು. ಅವಳು ಎರಡು ಬಕೆಟು ಹಿಡಿದು ಸಾಲಿನಲ್ಲಿ ನಿಂತಳು. ಹಿಂದೆ ಮುಂದೆ ಹೆಂಗಸರು ಇಲಾಖೆಯನ್ನು ಬಯ್ಯುತ್ತಿದ್ದರು, ಅವಳ ಮುಖ ನೋಡಿ ಅರ್ಧಕ್ಕೆ ನಿಲ್ಲಿಸುತ್ತಿದ್ದರು. ಅವಳಿಗೆ ಬೇಜಾರಾಗಲಿಲ್ಲ. ಎಷ್ಟೋ ವರ್ಷವಾಗಿತ್ತು ಹೀಗೆ ನಿಂತು. ಮೂರನೆಯ ಬಾಡಿಗೆ ಮನೆಯಲ್ಲಿ ವಠಾರಕ್ಕೆಲ್ಲ ಒಂದೇ ನಲ್ಲಿ, ಶಾಲೆಗೆ ಹೋಗುವ ಮೊದಲು ಅಕ್ಕ ತಂಗಿಯರ ಸರದಿ. ಅರ್ಧ ದಾರಿಯಲ್ಲಿ ಬಿಂದಿಗೆ ಇಳಿಸಿ ನಗುತ್ತಾ ಕೂತರೆ, ಅಮ್ಮ ಕಿಟಕಿಯಿಂದ ಬಳ್ಳಿಯ ಎಲೆ ಸರಿಸಿ ಇಣುಕುತ್ತಿದ್ದಳು. ಹಸಿರು ಎಲೆಗಳ ನಡುವೆ ಬರೀ ಒಂದು ಕಣ್ಣು, ಒಂದು ಕಿವಿಯೋಲೆ. ಬಯ್ಯುತ್ತಿದ್ದಳೋ ನಗುತ್ತಿದ್ದಳೋ ಅಷ್ಟು ದೂರಕ್ಕೆ ಗೊತ್ತಾಗುತ್ತಿರಲಿಲ್ಲ. ಗೊತ್ತಾಗದಿದ್ದುದೇ ಚೆನ್ನಾಗಿತ್ತು.

ಮನೆಗೆ ಬಂದವಳು ಗೂಡಿನ ಮುಂದೆ ಕುಳಿತಳು. ಹನ್ನೊಂದಾಯಿತು, ಕೊಳವೆ ಕಿರ್ರೆಂದು ಗಾಳಿ ಬಿಟ್ಟು ಸುಮ್ಮನಾಯಿತು. ಗೋಸುಂಬೆಗೆ ಬಾಯಾರಬಾರದೆಂದು ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ಎಲೆಗಳಿಗೆ ಮಾತ್ರ ನಾಲ್ಕು ಸಲ ಒತ್ತಿದಳು. ಅದು ನಿಧಾನವಾಗಿ ಒಂದು ಹೆಜ್ಜೆ ಮುಂದಿಟ್ಟು, ತಡೆದು, ಮತ್ತೆ ಯೋಚಿಸಿ, ಹನಿ ನೆಕ್ಕಿತು. ಆಮೇಲೆ ಅವಳು ಆವರೆಗೆ ಯಾರೂ ಮಾಡದ ಕೆಲಸ ಮಾಡಿದಳು. ಬಳ್ಳಿಯ ಕುಂಡವನ್ನು ಓರೆ ಮಾಡಿ ಅದರ ತಳ ನೋಡಿದಳು.

ತೂತಿರಲಿಲ್ಲ. ಇದ್ದ ತೂತಿಗೆ ಬೆಣೆ ಹೊಡೆದು, ಮೇಲೆ ಇಲಾಖೆಯ ಬಿಳಿ ಅಂಟು ಮೆತ್ತಿ, ಹೆಬ್ಬೆರಳಿನಿಂದ ನುಣ್ಣಗೆ ಒತ್ತಿತ್ತು. ಅಂಟಿನ ಮೇಲೆ ಗಂಡನ ಬೆರಳಚ್ಚು ಅಚ್ಚುಕಟ್ಟಾಗಿ ಮೂಡಿತ್ತು.

ಅವಳಿಗೆ ಎಲ್ಲ ತಿಳಿಯಿತು. ಇಪ್ಪತ್ತೆರಡು ವರ್ಷ ಸೋರಿಕೆಯ ಕಾಗದಗಳನ್ನೇ ಕಂಡ ಮನುಷ್ಯನ ಕೈಗೆ ತಳದಲ್ಲಿ ತೂತಿರುವ ಪಾತ್ರೆ ಸಿಕ್ಕಿದೆ; ಅವನು ಬಿಟ್ಟಾನೆಯೇ? ಒಂದೊಂದು ಗಿಡ ಬಂದಾಗಲೂ ಮೊದಲು ಸೋರಿಕೆ ಮುಚ್ಚಿದ್ದಾನೆ, ಆಮೇಲೆ ಮೇಲಿಂದ ನೀರು ಸುರಿದಿದ್ದಾನೆ. ಬೇರು ಮುಳುಗಿ ಕೊಳೆತಿದೆ, ತುಂಬಿದ ನೀರು ಕುಂಡದ ಬಾಯಿಂದ ಉಕ್ಕಿ ನೆಲಕ್ಕೆ, ನೆಲದ ಬಿರುಕಿನಿಂದ ಟೀಚರಮ್ಮನ ಪೆನ್ಸಿಲ್ ಗೆರೆಗಳೊಳಕ್ಕೆ. ಹೊರಗೆ ಬೀದಿಯಲ್ಲಿ ಹಾರೆ ಠಣ್ ಎಂದಿತು. ಅವಳಿಗೆ ನಗು ಬಂತು. ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗೋಸುಂಬೆ ಎರಡೂ ಕಣ್ಣು ಅವಳ ಕಡೆ ತಿರುಗಿಸಿತು. ಅಪರೂಪಕ್ಕೆ ಸಿಗುವ ಗೌರವ ಅದು.

ಸ್ಕ್ರೂಡ್ರೈವರಿನಿಂದ ಬೆಣೆ ಕಿತ್ತಾಗ ಕಪ್ಪು ನೀರು ಸೊರ್ರೆಂದು ಅರ್ಧ ಬಕೆಟ್ಟು ಹರಿಯಿತು. ಕೊಳೆತ ಬೇರುಗಳನ್ನು ಕತ್ತರಿಸಿ, ಗಟ್ಟಿ ಇದ್ದ ಬಿಳಿ ಬೇರುಗಳನ್ನು ಒಣ ಮಣ್ಣಿಗೆ ಕೂರಿಸಿ, ಗೋಸುಂಬೆ ಮಣ್ಣು ಕೆದಕದಂತೆ ಮೇಲೆ ದಪ್ಪ ಬೆಣಚುಕಲ್ಲು ಹರಡಿದಳು. ಕುಂಡದ ಕೆಳಗೆ ಅಗಲವಾದ ಬೋಗುಣಿ ಇಟ್ಟಳು. ಎಲೆ ಸುಡುತ್ತಿದ್ದ ದೀಪವನ್ನು ಒಂದು ಗೇಣು ಮೇಲಕ್ಕೆ ಕಟ್ಟಿದಳು. ಎಬ್ಬಿಸಬಾರದ ಪ್ರಾಣಿ ಅಷ್ಟೆಲ್ಲ ಆದರೂ ಕೂತಲ್ಲಿಂದ ಏಳಲಿಲ್ಲ, ಬಳ್ಳಿಯ ಜೊತೆಗೇ ಮೇಲೆ ಹೋಗಿ ಕೆಳಗೆ ಬಂತು.

ಗಂಡನಿಗೆ ಹೇಳಬೇಕೆಂದು ಸಂಜೆ ಕಾದಿದ್ದಳು. ಆದರೆ ಅವನು ಬಂದದ್ದೇ ಬೇರೆ ಸುದ್ದಿ ಹೊತ್ತು. ಟೀಚರಮ್ಮನ ಕಲೆ ಎರಡು ದಿನದಿಂದ ಗೆರೆ ದಾಟಿಲ್ಲ. ಬೀದಿ ಪೈಪು ಬಂದಾದ ಕೂಡಲೇ ಸೋರಿಕೆ ನಿಂತಿದೆ, ಹಾಗಾಗಿ ವರದಿ ನೂರಕ್ಕೆ ನೂರು ಸರಿ. ಸಹಾಯಕ ಇಂಜಿನಿಯರು ಎಲ್ಲರೆದುರು ಅವನ ಬೆನ್ನು ತಟ್ಟಿದ್ದರು. ಬೆನ್ನಿನ ಯಾವ ಜಾಗ ಎಂದು ತಿರುಗಿ ನಿಂತು ತೋರಿಸಿದ. ಅವಳು ಬಾಯಿ ತೆರೆದವಳು ಚಹಾ ಬೇಕಾ ಎಂದು ಕೇಳಿದಳು.

ಮೂರನೆಯ ದಿನ ಹಳ್ಳ ಮುಚ್ಚಿದರು, ನೀರು ಬಂತು. ಅವಳು ಬೆಳಗ್ಗೆ ಗಂಡ ಬೀದಿ ತಿರುಗುವುದನ್ನು ನೋಡಿ ಟೈಮರಿನ ಪ್ಲಗ್ ಕೀಳುವಳು, ಸಂಜೆ ಅವನು ಬರುವ ಹೊತ್ತಿಗೆ ಸಿಕ್ಕಿಸುವಳು. ನಡುವೆ ಇಸ್ತ್ರಿ ಬಾಟಲಿ. ಎರಡು ವಾರದಲ್ಲಿ ಬಳ್ಳಿ ಸುರುಳಿ ಸುತ್ತಿದ ಒಂದು ಹೊಸ ಎಲೆ ಬಿಟ್ಟಿತು. ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಅದು ಬಿಚ್ಚಿಕೊಳ್ಳುವವರೆಗೆ ಅವಳು ಅಕ್ಕನಿಗೂ ಫೋನಿನಲ್ಲಿ ಹೇಳಲಿಲ್ಲ, ಕಣ್ಣು ಬಿದ್ದೀತೆಂದು. ಬಿಚ್ಚಿದ ಮೇಲೆ ಹೇಳಿದಳು. ಅಕ್ಕ ಆಚೆ ಕಡೆಯಿಂದ, ಅಮ್ಮ ಹಾಗೆ ಹೊಸ ಎಲೆ ಬಂದಾಗಲೆಲ್ಲ ಅಪ್ಪನ ಅಂಗಿಗೆ ಗುಂಡಿ ಹೊಲಿಯುವಂತೆ ನಟಿಸುತ್ತಾ ಕಿಟಕಿ ಹತ್ತಿರವೇ ಕೂತಿರುತ್ತಿದ್ದಳು, ನೆನಪಿದೆಯಾ ಎಂದಳು. ಇತ್ತು.

ಐದನೆಯ ತಿಂಗಳಿಗೆ ಗೂಡು ಕಾಡಾಯಿತು. ಬಳ್ಳಿ ಜಾಲರಿಯನ್ನೆಲ್ಲ ಹಿಡಿದು, ಗೋಸುಂಬೆ ಎಲ್ಲಿದೆ ಎಂದು ಹುಡುಕಲು ಬಂದವರಿಗೆ ಹತ್ತು ನಿಮಿಷ ಬೇಕಾಗುತ್ತಿತ್ತು. ಬರುವವರಿಗೂ ಕಡಿಮೆಯಿರಲಿಲ್ಲ. ದರ್ಜಿ ಬಂದ, ಇಸ್ತ್ರಿಯವನು ಹೆಂಡತಿ ಜೊತೆ ಬಂದ, ಕಚೇರಿಯ ಟೈಪಿಸ್ಟು ನೋಟ್‌ಬುಕ್ಕು ಹಿಡಿದು ಬಂದಳು. ಗಂಡ ಎಲ್ಲರಿಗೂ ನೀರಿನ ವೇಳಾಪಟ್ಟಿ ವಿವರಿಸಿದ, ತಳದ ತೂತನ್ನು ಮುಚ್ಚುವುದೇ ಮುಖ್ಯ ಎಂದು ಒತ್ತಿ ಹೇಳಿದ. ಇಸ್ತ್ರಿಯವನ ಹೆಂಡತಿಯ ತುಳಸಿ ಆ ವಾರವೇ ಸತ್ತಿತು. ಟೀಚರಮ್ಮ ಮಾತ್ರ ಒಂದು ಮಧ್ಯಾಹ್ನ ಸುಮ್ಮನೆ ಮೇಲೆ ಬಂದರು, ಗೋಡೆಯಿಂದ ಕಿತ್ತು ನೇತಾಡುತ್ತಿದ್ದ ಪ್ಲಗ್ಗನ್ನೂ ಬೋಗುಣಿಯನ್ನೂ ಇಸ್ತ್ರಿ ಬಾಟಲಿಯನ್ನೂ ಕನ್ನಡಕದ ಮೇಲಿಂದ ನೋಡಿದರು.

"ಉತ್ತರ ಸರಿ ಇದೆ," ಎಂದರು. "ಲೆಕ್ಕ ಮಾಡಿದವರು ಬೇರೆ." ಚಹಾ ಕುಡಿದು ಇಳಿದು ಹೋದರು.

ಒಂದು ಭಾನುವಾರ ಚೀಫ್ ಇಂಜಿನಿಯರ ಫೋನು ಬಂತು. ಗಂಡ ಎದ್ದು ನಿಂತು ಮಾತಾಡಿದ. ಇನ್ನು ಮೂರು ವಾರಕ್ಕೆ ಬರುತ್ತೇನೆ, ಫೋಟೊ ನೋಡಿದೆ, ನನ್ನ ಬಳಿ ಇದ್ದಾಗಲೂ ಗೂಡು ಇಷ್ಟು ಚೆನ್ನಾಗಿರಲಿಲ್ಲ ಎಂದರಂತೆ. ಪ್ರಾಣಿ ಬಳ್ಳಿಗೆ ಒಗ್ಗಿಹೋಗಿದೆ, ಬೇರ್ಪಡಿಸಿದರೆ ಕೊರಗುತ್ತದೆ, ಹಾಗಾಗಿ ಗೂಡು ಬಳ್ಳಿ ಎಲ್ಲ ಹಾಗೆಯೇ ಜೀಪಿಗೆ ಏರಿಸಿದರಾಯಿತು ಎಂದರಂತೆ.

"ಅದಕ್ಕೇನು ಸಾರ್," ಎಂದ ಗಂಡ. "ನಿಮ್ಮದೇ ಅಂದ್ಕೊಳ್ಳಿ."

ಫೋನಿಟ್ಟು ಅವಳ ಕಡೆ ತಿರುಗಿದ. ಮುಖವೆಲ್ಲ ಬೆಳಗುತ್ತಿತ್ತು. ಚೀಫ್ ಇಂಜಿನಿಯರ ಮನೆಯಲ್ಲಿ ನಿಮ್ಮಮ್ಮನ ಬಳ್ಳಿ ಇರುತ್ತದೆ ಎಂದರೆ ಸಣ್ಣ ವಿಷಯವಾ, ನಿಮ್ಮಮ್ಮ ಇದ್ದಿದ್ದರೆ ಎಷ್ಟು ಹೆಮ್ಮೆ ಪಡುತ್ತಿದ್ದರು ಎಂದ. ಅವನು ಅದನ್ನು ಮನಸಾರೆ ಹೇಳುತ್ತಿದ್ದ, ಅದೇ ಕಷ್ಟ. ಹೌದು ಎಂದಳು ಅವಳು.

ಅವಳು ಗೂಡಿನ ಮುಂದೆ ಹೋಗಿ ನಿಂತಳು. ಮನಿಪ್ಲಾಂಟ್ ಎಲೆಗೆ ಯಾರ ಮನೆಯದೆಂಬ ಗುರುತು ಇರುವುದಿಲ್ಲ. ನರ್ಸರಿಯಲ್ಲಿ ಇದೇ ಉದ್ದದ, ಇದೇ ಬಣ್ಣದ ಬಳ್ಳಿಗಳು ಸಾಲಾಗಿ ತೂಗುತ್ತಿರುತ್ತವೆ. ಎರಡು ಒಳ್ಳೆಯ ಬಳ್ಳಿ ತಂದು, ಕೀಟದ ಮದ್ದು ಹೋಗುವಂತೆ ಎಲೆ ತೊಳೆದು, ದಿನಕ್ಕೆ ಒಂದೊಂದು ಕೋಲಿನಲ್ಲಿ ಇದನ್ನು ಬಿಡಿಸಿ ಅದನ್ನು ಸುತ್ತುತ್ತಾ ಬಂದರೆ ಮೂರು ವಾರ ಧಾರಾಳ ಸಾಕು. ಗಂಡನಿಗೆ ತಿಳಿಯುವುದಿಲ್ಲ. ಇಂಜಿನಿಯರಿಗೆ ತಿಳಿಯುವುದಿಲ್ಲ. ತಿಳಿಯುವುದು ಮೇಲಿನ ಕೋಲಿನ ಮೇಲೆ ಕುಳಿತವನೊಬ್ಬನಿಗೆ, ಅವನು ವರದಿ ಬರೆಯುವವನಲ್ಲ.

ಕೈಚೀಲ ತೆಗೆದುಕೊಂಡಳು. ಯಾವುದಕ್ಕೂ ಇರಲಿ ಎಂದು ದೊಡ್ಡದನ್ನೇ.

ಎಲ್ಲಿಗೆ ಹೊರಟೆ ಎಂದ ಗಂಡ, ಪೇಪರಿನ ಹಿಂದಿನಿಂದ.

"ಸೊಪ್ಪು ತರೋಣ ಅಂತ," ಎಂದು ಅವಳು ಬಾಗಿಲೆಳೆದುಕೊಂಡಳು.